ಕೈಯಿಂದ ಕೈಗೆ ಕೊಡದ ಕಬ್ಬಿಣ

ಕೊಟ್ಟೂರಿನ ಜಾತ್ರೆಗೆ ಹೋಗಿದ್ದೆ. ಗುರು ಕೊಟ್ಟೂರೇಶ್ವರನ ತೇರು ಎಳೆಯುವುದು ಸಂಜೆಗೆ. ಮಧ್ಯಾಹ್ನ ಮಿತ್ರರೊಬ್ಬರ ಮನೆಯಲ್ಲಿ ಊಟ. ಅವರ ಅಜ್ಜಿ ಪಡಸಾಲೆಯಲ್ಲಿ ಸವತೆಕಾಯಿಯ ರಾಶಿಯ ಮುಂದೆ ಕುಳಿತು, "ಚಾಕು ಎಲ್ಲಿಟ್ರೇ?" ಎಂದು ಸೊಸೆಯನ್ನು ಕೂಗಿದರು. ಚಾಕು ನನ್ನ ಪಕ್ಕದ ಗೂಡಿನಲ್ಲಿಯೇ ಇತ್ತು. ಪಟ್ಟಣದವನಿಗೆ ಸಹಜವಾದ ಅವಸರದಿಂದ ಎತ್ತಿ ಅವರ ಕೈಗೆ ನೀಡಿದೆ. ಅಜ್ಜಿ ಕೈ ಚಾಚಲಿಲ್ಲ. "ಕೈಯಾಗ ಕೊಡಬ್ಯಾಡಪ್ಪಾ, ನೆಲಕ್ಕ ಇಡು. ಉಣ್ಣಾಕ ಬಂದಾವ ನೀನು, ನಿನ್ನ ಕೂಡ ನನಗ್ಯಾಕ ಜಗಳ?" ಎಂದರು. ನೆಲಕ್ಕಿಟ್ಟೆ. ನೆಲದಿಂದ ಎತ್ತಿಕೊಂಡು, ಏನೂ ಆಗದವರಂತೆ ಸವತೆಕಾಯಿ ಹೆಚ್ಚತೊಡಗಿದರು.

ಇದು ನಮ್ಮೆಲ್ಲರ ಮನೆಯಲ್ಲಿಯೂ ನಡೆದಿರುವ ಸಂಗತಿಯೇ. ಚಾಕು, ಕತ್ತರಿ, ಸೂಜಿ, ಕುಡುಗೋಲು, ಇವನ್ನು ಕೈಯಿಂದ ಕೈಗೆ ಕೊಡಬಾರದು. ಶನಿವಾರ ಕಬ್ಬಿಣವನ್ನು ಮನೆಗೆ ತರಬಾರದು. ಬರಿಯ ಕತ್ತರಿಯನ್ನು ಸುಮ್ಮನೆ ಆಡಿಸಬಾರದು. ಆಡಿಸಿದರೆ ಮನೆಯಲ್ಲಿ ಕಲಹ. ಅಷ್ಟೇಕೆ, ನಮ್ಮ ಭಾಷೆಯೇ ಈ ಭಯವನ್ನು ಹೊತ್ತಿದೆ. ದ್ವೇಷ ಸಾಧಿಸುವವನು 'ಕತ್ತಿ ಮಸೆಯುತ್ತಾನೆ'. ನಂಬಿಸಿ ಕೆಡಿಸಿದವನು 'ಬೆನ್ನಿಗೆ ಚೂರಿ ಹಾಕುತ್ತಾನೆ'.

ಆದರೆ ಅದೇ ವರ್ಷ ಬೆಂಗಳೂರಿನ ಗೃಹಪ್ರವೇಶವೊಂದರಲ್ಲಿ ಇನ್ನೊಂದು ಸಂಗತಿಯನ್ನು ಕಂಡೆ. ವಿದೇಶದಿಂದ ಬಂದ ತರುಣನೊಬ್ಬ ತನ್ನ ಸೋದರತ್ತೆಗೆ ಅಂದವಾದ ಮರದ ಪೆಟ್ಟಿಗೆಯಲ್ಲಿ ಆರು ಚಾಕುಗಳನ್ನು ಉಡುಗೊರೆ ತಂದಿದ್ದ. ಅತ್ತೆ ಓದಿದವರು. ಪೆಟ್ಟಿಗೆಯನ್ನು ಸಂತೋಷದಿಂದ ಎರಡು ಕೈಯಲ್ಲಿ ತೆಗೆದುಕೊಂಡು, ಒಳಗೆ ಹೋಗಿ ಒಂದು ರೂಪಾಯಿಯ ನಾಣ್ಯ ತಂದು ಅವನ ಕೈಯಲ್ಲಿಟ್ಟರು. ಚಾಕುವನ್ನು ಪುಕ್ಕಟೆ ತೆಗೆದುಕೊಂಡರೆ ಸಂಬಂಧ ಕಡಿಯುತ್ತದಂತೆ. ದುಡ್ಡು ಕೊಟ್ಟರೆ ಅದು ಕೊಂಡದ್ದಾಯಿತು, ದೋಷವಿಲ್ಲ.

ಕೊಟ್ಟೂರಿನ ಅಜ್ಜಿಯದೂ ಬೆಂಗಳೂರಿನ ಅತ್ತೆಯದೂ ಒಂದೇ ನಂಬಿಕೆಯೆಂದು ಮೇಲುನೋಟಕ್ಕೆ ತೋರುತ್ತದೆ. ನನಗೆ ಹಾಗೆ ತೋರುವುದಿಲ್ಲ. ಅಜ್ಜಿಗೆ ಚಾಕು ಯಾರದು, ಪುಕ್ಕಟೆಯದೋ ಕೊಂಡದ್ದೋ ಎಂಬ ಪ್ರಶ್ನೆಯೇ ಇಲ್ಲ. ತನ್ನ ಮನೆಯ ಚಾಕುವೇ ಆದರೂ ಅದು ನಡುವೆ ನೆಲವನ್ನು ಮುಟ್ಟಿ ಬರಬೇಕು. ಅತ್ತೆಗೆ ಕೈಯಿಂದ ಕೈಗೆ ತೆಗೆದುಕೊಳ್ಳಲು ಅಂಜಿಕೆಯಿಲ್ಲ. ಬೆಲೆ ಕೊಡದಿರುವುದೇ ಅಂಜಿಕೆ. ಒಬ್ಬರದು ಸ್ಪರ್ಶದ ಭಯ, ಇನ್ನೊಬ್ಬರದು ದಾನದ ಭಯ.

ಎರಡನೆಯದು ಹಡಗು ಹತ್ತಿ ಬಂದ ನಂಬಿಕೆ ಎಂದು ನನ್ನ ಊಹೆ. ಇಂಗ್ಲೆಂಡಿನಲ್ಲಿ ಅದು ಹಳೆಯದು. ಜಾನ್ ಗೇ ಎಂಬ ಕವಿ 1714ರಲ್ಲಿ ಪ್ರಕಟಿಸಿದ ಗೊಲ್ಲರ ಹಾಡುಗಳಲ್ಲಿ, ನಲ್ಲನಿಗೆ ಚಾಕು ಕೊಟ್ಟು ಅವನ ಒಲವನ್ನು ಕಳೆದುಕೊಂಡ ಹಳ್ಳಿಯ ಹುಡುಗಿಯೊಬ್ಬಳು ಗೋಳಾಡುತ್ತಾಳೆ; ಚಾಕುವಿನ ಕಾಣಿಕೆ ಪ್ರೀತಿಯನ್ನು ಕತ್ತರಿಸುತ್ತದೆಂದು ಆಗಲೇ ಜನ ಆಡಿಕೊಳ್ಳುತ್ತಿದ್ದರು. ಜರ್ಮನಿ ಮೊದಲಾದ ಕಡೆಗಳಲ್ಲಿಯೂ ಚಾಕುವಿನ ಜೊತೆಗೆ ಒಂದು ಕಾಸನ್ನಿಟ್ಟು ಕೊಟ್ಟು, ಆ ಕಾಸನ್ನು ಹಿಂದಕ್ಕೆ ಪಡೆಯುವ ಪದ್ಧತಿಯಿದೆ. ಫಿನ್ಲೆಂಡಿನವರು ಮಾತ್ರ ಇದಕ್ಕೆ ತಲೆಕೆಡಿಸಿಕೊಂಡವರಲ್ಲ. ಅಲ್ಲಿ ಸೊಂಟದ ಚಾಕುವನ್ನು ಉಡುಗೊರೆ ಕೊಡುವುದು ಗೌರವ, 'ನಿನ್ನನ್ನು ನಂಬಿದ್ದೇನೆ' ಎಂದಂತೆ. ಒಂದೇ ಅಲಗು, ಒಂದು ದೇಶದಲ್ಲಿ ಸ್ನೇಹ ಕಡಿಯುತ್ತದೆ, ಪಕ್ಕದ ದೇಶದಲ್ಲಿ ಬೆಸೆಯುತ್ತದೆ!

ನಮ್ಮ ಕಡೆ ಚಾಕುವನ್ನು ಉಡುಗೊರೆ ಕೊಡಬಾರದೆಂಬ ಕಟ್ಟಳೆ ಹುಟ್ಟಲು ಅವಕಾಶವೇ ಕಡಿಮೆಯಿತ್ತು. ಏಕೆಂದರೆ ಅದನ್ನು ಉಡುಗೊರೆ ಕೊಡುವ ಪ್ರಸಂಗವೇ ಇರಲಿಲ್ಲ. ಕೂಡ್ಲಿಗಿ, ಹಡಗಲಿ, ಹರಪನಹಳ್ಳಿಯ ಹಳ್ಳಿಗಳಲ್ಲಿ ಕಮ್ಮಾರನು ಆಯಗಾರ. ರೈತನ ಕುಡುಗೋಲು, ಕುರ್ಚಿಗೆ, ಕೊಡಲಿ, ಕುಳಗಳನ್ನು ವರ್ಷವಿಡೀ ಹಣಿದು ಕೊಡುವುದು ಅವನ ಕೆಲಸ. ಸುಗ್ಗಿಯಲ್ಲಿ ಕಣಕ್ಕೆ ಬಂದು ತನ್ನ ಆಯದ ಜೋಳವನ್ನು ಅಳೆಸಿಕೊಂಡು ಹೋಗುವುದು ಅವನ ಹಕ್ಕು. ಹೀಗೆ ಬಂದ ಕುಡುಗೋಲು ದಾನವೂ ಅಲ್ಲ, ಕ್ರಯವೂ ಅಲ್ಲ. ಕಮ್ಮಾರನೂ ಕಾಯ್ದ ಕಬ್ಬಿಣವನ್ನು ಅಡಿಗಲ್ಲಿನ ಮೇಲೆ ಬಡಿದು, ನೀರಿನಲ್ಲಿ ಅದ್ದಿ, ನೆಲಕ್ಕೆ ಎಸೆಯುತ್ತಿದ್ದ. ರೈತ ನೆಲದಿಂದ ಎತ್ತಿಕೊಳ್ಳುತ್ತಿದ್ದ. ಬಿಸಿಯ ವಸ್ತುವನ್ನು ಯಾರು ಕೈಗೆ ಕೊಡುತ್ತಾರೆ? ಹರಿತವಾದ ವಸ್ತುವನ್ನು ನೆಲಕ್ಕಿಟ್ಟು ದಾಟಿಸುವ ರೂಢಿಗೆ ಮೊದಲ ಕಾರಣ ಇಷ್ಟೇ ಸರಳವಾದ ಎಚ್ಚರಿಕೆ ಆಗಿರಬಹುದು. ಆದರೆ ಉಪ್ಪು ಹರಿತವಲ್ಲ, ಎಳ್ಳು ಹರಿತವಲ್ಲ, ಎಣ್ಣೆಯಂತೂ ಅಲ್ಲವೇ ಅಲ್ಲ. ಅವನ್ನೂ ಅಜ್ಜಿ ಕೈಯಲ್ಲಿ ತೆಗೆದುಕೊಳ್ಳುವುದಿಲ್ಲ. ಆದ್ದರಿಂದ ಎಚ್ಚರಿಕೆಯೊಂದರಿಂದಲೇ ಇದನ್ನು ಬಿಡಿಸಲಾಗದು.

ಕಬ್ಬಿಣ ಈ ಸೀಮೆಗೆ ಹೊಸ ನೆಂಟನೂ ಅಲ್ಲ. ಈ ಮಾತನ್ನು ಸ್ವಲ್ಪ ವಿಸ್ತರಿಸಿ ಹೇಳಬೇಕು. ಜೇಮ್ಸ್ ಫ್ರೇಜರ್ 1890ರಲ್ಲಿ ಮೊದಲು ಪ್ರಕಟಿಸಿದ ತನ್ನ ಪ್ರಸಿದ್ಧ ಗ್ರಂಥದಲ್ಲಿ ಲೋಕದ ಎಲ್ಲ ಕಡೆಯ ಕಬ್ಬಿಣದ ನಿಷೇಧಗಳನ್ನು ಕೂಡಿಹಾಕಿ, ಕಲ್ಲಿನ ಆಯುಧಗಳ ಕಾಲದಲ್ಲಿ ಕಬ್ಬಿಣ ಹೊಸದಾಗಿ ಬಂದಾಗ ಹುಟ್ಟಿದ ಸಂಶಯವೇ ಇದಕ್ಕೆಲ್ಲ ಮೂಲವೆಂದು ವಾದಿಸಿದ. ಇರಬಹುದು. ಆದರೆ ಆ ಹೊಸತನ ಇಲ್ಲಿ ಎಷ್ಟು ಹಳೆಯದೆಂಬುದನ್ನು ನೋಡಬೇಕು. ತುಂಗಭದ್ರೆಯ ಆಚೆಯ ದಡದಲ್ಲಿ, ಹಾವೇರಿ ಜಿಲ್ಲೆಯ ಹಳ್ಳೂರಿನಲ್ಲಿ 1965ರಲ್ಲಿ ಎಂ. ಎಸ್. ನಾಗರಾಜರಾಯರು ಅಗೆದಾಗ ದೊರೆತ ಕಬ್ಬಿಣದ ಬಾಣದ ಮೊನೆಗಳು ಕ್ರಿಸ್ತಪೂರ್ವ 1000ದ ಸುಮಾರಿನವು. ಕೂಡ್ಲಿಗಿ ತಾಲ್ಲೂಕಿನ ಕುಮತಿಯಲ್ಲಿ ಮನುಷ್ಯಾಕಾರದ ದೊಡ್ಡ ಕಲ್ಲುಗಳನ್ನು ನಿಲ್ಲಿಸಿದ ಜನರೂ ಕಬ್ಬಿಣ ಬಲ್ಲವರ ಕಾಲದವರೇ. ನಡುವೆ ಸಂಡೂರಿನ ಬೆಟ್ಟಗಳು. ಅಲ್ಲಿಯ ಮಣ್ಣು ಕೆಂಪು, ನೀರು ಕೆಂಪು, ಮಳೆಗಾಲದಲ್ಲಿ ದಾರಿಹೋಕನ ಪಂಚೆಯೂ ಕೆಂಪು. ಕುಮಾರಸ್ವಾಮಿಯ ಬೆಟ್ಟಕ್ಕೆ ಲೋಹಾಚಲವೆಂದೇ ಹೆಸರು. ತಾರಕಾಸುರನ ರಕ್ತದಿಂದ ಬೆಟ್ಟ ಕೆಂಪಾಯಿತೆಂದು ಸ್ಥಳಪುರಾಣ. ಅದಿರಿಗೆ ಅದಕ್ಕಿಂತ ಒಳ್ಳೆಯ ವಿವರಣೆಯನ್ನು ಭೂಗರ್ಭಶಾಸ್ತ್ರಜ್ಞರು ಕೊಟ್ಟಿರಬಹುದು, ಹೆಚ್ಚು ನೆನಪಿನಲ್ಲುಳಿಯುವ ವಿವರಣೆಯನ್ನಂತೂ ಕೊಟ್ಟಿಲ್ಲ.

ನಮ್ಮ 'ಉಕ್ಕು' ಎಂಬ ಮಾತು ಲೋಕ ಸುತ್ತಿತು. ಜಾರ್ಜ್ ಪಿಯರ್ಸನ್ ಎಂಬ ವೈದ್ಯ 1795ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ಭಾರತದ ಒಂದು ಬಗೆಯ ಉಕ್ಕಿನ ಮೇಲೆ ಲೇಖನವೋದಿ ಅದನ್ನು 'ವೂಟ್ಸ್' ಎಂದು ಕರೆದ. ಅದು 'ಉಕ್ಕು' ಎಂಬುದರ ಅಪಭ್ರಂಶವೆಂದು ಬಹುಮಂದಿ ವಿದ್ವಾಂಸರ ಮತ. ಮೈಕೇಲ್ ಫ್ಯಾರಡೆಯಂಥವನು ಅದರ ಮೇಲೆ ಪ್ರಯೋಗ ನಡೆಸಿದ. ದಕ್ಷಿಣದ ಆ ಉಕ್ಕಿನಿಂದ ಆದ ಕತ್ತಿಗಳು ಡಮಾಸ್ಕಸಿನ ಹೆಸರಿನಲ್ಲಿ ಮಾರಾಟವಾದವು. ಅತ್ತ ಅವರಿಗೆ ಕೀರ್ತಿ, ಇತ್ತ ನಮ್ಮ ಕಮ್ಮಾರನಿಗೆ ಜೋಳ. 1904ರಲ್ಲಿ ಬಳ್ಳಾರಿ ಜಿಲ್ಲೆಯ ಗೆಜೆಟಿಯರನ್ನು ಬರೆದ ಡಬ್ಲ್ಯು. ಫ್ರಾನ್ಸಿಸ್ ಬರುವ ವೇಳೆಗೆ ಹಂಪೆಯ ಬಳಿಯ ಕಮಲಾಪುರದ ಕಬ್ಬಿಣದ ಕುಲುಮೆಗಳು ಆರಿಹೋಗಿದ್ದವು. ಕಬ್ಬಿನ ಹಾಲು ಕಾಯಿಸುವ ಕೊಪ್ಪರಿಗೆಗಳನ್ನು ಮಾಡುವ ಕಸುಬಷ್ಟೇ ಹಿಂದಿನದರ ನೆನಪಾಗಿ ನಿಂತಿತ್ತು. ಸೀಮೆಯಿಂದ ಬಂದ ಅಗ್ಗದ ಕಬ್ಬಿಣ ತಿದಿಗಳ ಉಸಿರನ್ನು ನಿಲ್ಲಿಸಿತು.

ಮೂರು ಸಾವಿರ ವರ್ಷ ಒಡನಾಡಿದ ಲೋಹಕ್ಕೆ ಜನ ಏಕೆ ಅಂಜಬೇಕು? ಉತ್ತರದ ಒಂದು ತುದಿ ಗರುಡಪುರಾಣದಲ್ಲಿ ಸಿಕ್ಕುತ್ತದೆ ಎಂದು ನನಗೆ ತೋರುತ್ತದೆ. ಮರಣಕಾಲದಲ್ಲಿ ಕೊಡಬೇಕಾದ ದಾನಗಳನ್ನು ಹೇಳುವಾಗ ಆ ಪುರಾಣವು ಎಳ್ಳು, ಕಬ್ಬಿಣ, ಚಿನ್ನ, ಹತ್ತಿ, ಉಪ್ಪು, ಏಳು ಧಾನ್ಯ, ಭೂಮಿ, ಗೋವು ಎಂದು ಎಣಿಸುತ್ತದೆ. ಕಬ್ಬಿಣವೇಕೆ ಎಂಬುದಕ್ಕೆ ಕಾರಣವನ್ನೂ ಕೊಡುತ್ತದೆ: ಯಮನ ಕೈಯಲ್ಲಿರುವ ಕೊಡಲಿ, ಒನಕೆ, ದಂಡ, ಕತ್ತಿ, ಚೂರಿಗಳೆಲ್ಲ ಕಬ್ಬಿಣದವು; ಕಬ್ಬಿಣ ದಾನ ಮಾಡಿದವನನ್ನು ಅವು ಬಾಧಿಸವು. ಶನಿಯ ಪೀಡಾಪರಿಹಾರಕ್ಕೆ ಕೊಡುವ ದಾನದಲ್ಲಿಯೂ ಎಳ್ಳು, ಎಣ್ಣೆ, ಕಬ್ಬಿಣವೇ ಬರುತ್ತವೆ. ಈಗ ಅಜ್ಜಿ ಕೈಯಲ್ಲಿ ತೆಗೆದುಕೊಳ್ಳದ ವಸ್ತುಗಳನ್ನು ಇದರ ಪಕ್ಕದಲ್ಲಿಟ್ಟು ನೋಡಿ: ಕಬ್ಬಿಣ, ಉಪ್ಪು, ಎಳ್ಳು, ಎಣ್ಣೆ. ಎರಡು ಪಟ್ಟಿಗಳೂ ಬಹುಮಟ್ಟಿಗೆ ಒಂದೇ. ದಾನದೊಡನೆ ಕೊಡುವವನ ಪಾಪವೂ ಪೀಡೆಯೂ ಪಡೆಯುವವನಿಗೆ ದಾಟುತ್ತದೆಂಬುದು ನಮ್ಮವರ ಹಳೆಯ ತಿಳಿವಳಿಕೆ. ಸಾವಿನ ಮನೆಯಲ್ಲಿ ಕೈಯಿಂದ ಕೈಗೆ ದಾಟಿದ ವಸ್ತುವನ್ನು ಊಟದ ಮನೆಯಲ್ಲಿ ಹಾಗೆಯೇ ದಾಟಿಸುವುದು ಹೇಗೆ? ನಡುವೆ ಭೂತಾಯಿ ಇರಲಿ, ಬಂದದ್ದನ್ನು ಅವಳು ಇಳಿಸಿಕೊಳ್ಳಲಿ, ಎಂದು ನೆಲಕ್ಕಿಡುತ್ತಾರೆ. ಹೀಗೆಂದು ಯಾವ ಶಾಸ್ತ್ರವೂ ಬಾಯಿಬಿಟ್ಟು ಹೇಳಿಲ್ಲ. ನನ್ನ ತರ್ಕ ಇದು.

ಕಟ್ಟಳೆಗಳಿಗೆ ಅಪವಾದವಿಲ್ಲದೆ ರುಚಿಯಿಲ್ಲ. ಕೈಗೆ ಕೊಡಬಾರದ ಎಣ್ಣೆ ಇದೇ ಕೊಟ್ಟೂರು ತಾಲ್ಲೂಕಿನ ಉಜ್ಜಿನಿಯಲ್ಲಿ ಪ್ರತಿವರ್ಷ ಕೊಡಕೊಡವಾಗಿ ಮರುಳಸಿದ್ಧೇಶ್ವರ ದೇವಾಲಯದ ಶಿಖರದ ಮೇಲೆ ಸುರಿಯುತ್ತದೆ. ಆ ತೈಲಾಭಿಷೇಕಕ್ಕೆ ಜರಿಮಲೆಯ ಪಾಳೆಯಗಾರರ ಮನೆತನದಿಂದ ಎಣ್ಣೆ ಬರುವುದು ವಾಡಿಕೆ. ದೇವರ ತಲೆಯ ಮೇಲೆ ಸುರಿದಾಗ ಎಣ್ಣೆಗೂ ದೋಷವಿಲ್ಲ.

ರಾಜರ ವಿಷಯ ಬಂದಾಗ ಕತ್ತಿಗೂ ದೋಷವಿಲ್ಲ. ಹಳಗನ್ನಡದಲ್ಲಿ ಕತ್ತಿಗೆ 'ಬಾಳ್' ಎನ್ನುತ್ತಿದ್ದರು. (ಜೀವಿಸುವ 'ಬಾಳು' ಬೇರೆ, ಒಂದಕ್ಕೆ ಕುಳ, ಇನ್ನೊಂದಕ್ಕೆ ರಳ. ರಳ ಸತ್ತುಹೋದ ಮೇಲೆ ಬದುಕೂ ಕತ್ತಿಯೂ ಒಂದೇ ಅಕ್ಷರದಲ್ಲಿ ಬಾಳುವಂತಾಯಿತು.) ಯುದ್ಧದಲ್ಲಿ ಮೆರೆದ ವೀರನ ಬಾಳನ್ನು ತೊಳೆದು ಅವನಿಗೆ ಭೂಮಿ ಕೊಡುವ ಪದ್ಧತಿ ಗಂಗರ ಕಾಲದಲ್ಲಿತ್ತು, ಆ ದಾನಕ್ಕೆ 'ಬಾಳ್ಗಳ್ಚು' ಎಂದು ಹೆಸರು. ಕ್ರಿ.ಶ. 949–50ರ ಆತಕೂರು ಶಾಸನ ಇದಕ್ಕೆ ಪ್ರಸಿದ್ಧ ಉದಾಹರಣೆ. ತಕ್ಕೋಲದ ಕಾಳಗದ ಬಳಿಕ ಗಂಗ ಬೂತುಗನು ತನ್ನ ವೀರ ಮಣಲೆರನಿಗೆ ಆತಕೂರು ಹನ್ನೆರಡನ್ನು ಬಾಳ್ಗಳ್ಚಾಗಿ ಕೊಟ್ಟ. ರಾಷ್ಟ್ರಕೂಟ ಮೂರನೆಯ ಕೃಷ್ಣನಿಂದ ಮಣಲೆರ ಬೇಡಿ ಪಡೆದದ್ದು ಕಾಳಿ ಎಂಬ ನಾಯಿಯನ್ನು. ಅದು ಕಾಡುಹಂದಿಯೊಡನೆ ಹೋರಾಡಿ ಸತ್ತದ್ದು, ಅದಕ್ಕೆ ಕಲ್ಲು ನಿಲ್ಲಿಸಿದ್ದು ಎಲ್ಲ ಆ ಶಾಸನದಲ್ಲಿಯೇ ಇದೆ. ಇಲ್ಲಿ ಗಮನಿಸತಕ್ಕದ್ದು ಇಷ್ಟು: ಕೊಟ್ಟದ್ದು ಕತ್ತಿಯನ್ನಲ್ಲ, ಕತ್ತಿ ತೊಳೆದು ಭೂಮಿಯನ್ನು. ರಕ್ತ ಹೋಗಬೇಕು, ಆಮೇಲೆ ದಾನ.

ವಿಜಯನಗರದ ಮಹಾನವಮಿಯನ್ನು 1520ರ ಆಸುಪಾಸಿನಲ್ಲಿ ಕಣ್ಣಾರೆ ಕಂಡ ಪೋರ್ಚುಗೀಸ್ ದೊಮಿಂಗೊ ಪಾಯೆಸ್, ಸಾಲುಗಟ್ಟಿದ ಸೈನ್ಯದ ಆಯುಧಗಳ ಹೊಳಪನ್ನು ಬೆರಗಿನಿಂದ ಬಣ್ಣಿಸಿದ್ದಾನೆ. ಆ ಹಬ್ಬ ಇಂದು ನಮ್ಮ ಮನೆಗಳಲ್ಲಿ ಆಯುಧಪೂಜೆಯಾಗಿ ಉಳಿದಿದೆ. ಅಂದು ಈಳಿಗೆಮಣೆಗೂ ಕುಂಕುಮ, ಮೋಟಾರಿಗೂ ಕುಂಬಳಕಾಯಿ. ಮರುದಿನ ವಿಜಯದಶಮಿ. ಈ ಐದು ತಾಲ್ಲೂಕುಗಳಲ್ಲಿ ಅಂದು ಸಂಜೆ ಜನ ಬನ್ನಿ ಮುಡಿಯಲು ಹೋಗುತ್ತಾರೆ. ಪಾಂಡವರು ಆಯುಧಗಳನ್ನು ಬಚ್ಚಿಟ್ಟ ಮರ ಅದು. ಆದರೆ ಆ ಮರದಿಂದ ಜನ ಮನೆಗೆ ತರುವುದು ಆಯುಧವನ್ನಲ್ಲ, ಎಲೆಯನ್ನು. ವರ್ಷವೆಲ್ಲ ಮುನಿಸಿಕೊಂಡಿದ್ದ ಅಣ್ಣತಮ್ಮಂದಿರೂ ಅಂದು ಪರಸ್ಪರ ಕೈಗೆ ಬನ್ನಿ ಕೊಟ್ಟು, "ಬಂಗಾರದಂಗ ಇರೋಣ" ಎನ್ನುತ್ತಾರೆ. ಕಿರಿಯರು ಹಿರಿಯರ ಕಾಲು ಮುಟ್ಟುತ್ತಾರೆ. ಕೈಯಿಂದ ಕೈಗೆ ಏನನ್ನು ಕೊಡಬೇಕು, ಏನನ್ನು ಕೊಡಬಾರದು ಎಂಬುದರಲ್ಲಿ ನಮ್ಮ ಜನಕ್ಕೆ ಒಂದು ಲೆಕ್ಕಾಚಾರವಿದೆ.

ಆ ಲೆಕ್ಕ ತಪ್ಪಿರುವುದು ರಾಜಕಾರಣದಲ್ಲಿ. ಅಲ್ಲಿ ಅಭಿನಂದನ ಸಮಾರಂಭವೆಂದರೆ ಬೆಳ್ಳಿಯ ಖಡ್ಗ, ಇಲ್ಲವೆ ಬೆಳ್ಳಿಯ ಗದೆ. ಮನೆಯಲ್ಲಿ ಕತ್ತರಿಯನ್ನು ನೆಲಕ್ಕಿಟ್ಟು ಕೊಡುವ ಕಾರ್ಯಕರ್ತರೇ ವೇದಿಕೆಯ ಮೇಲೆ ನಾಯಕರ ಕೈಗೆ ಕತ್ತಿ ಹಿಡಿಸಿ ಫೋಟೋ ತೆಗೆಸಿಕೊಳ್ಳುತ್ತಾರೆ. ಸ್ನೇಹ ಎಷ್ಟು ದಿನ ಉಳಿಯುತ್ತದೆಂಬುದನ್ನು ವಾಚಕರು ದಿನಪತ್ರಿಕೆಯ ಮೊದಲ ಪುಟದಲ್ಲಿ ಓದಿಕೊಳ್ಳಬಹುದು. ಚಿನ್ನದ ಚೂರಿಯೆಂದು ಕುತ್ತಿಗೆ ಕೊಯ್ಯಿಸಿಕೊಳ್ಳುವವರುಂಟೇ ಎಂಬ ಗಾದೆ ನಮ್ಮಲ್ಲಿದೆ. ಬೆಳ್ಳಿಯದಕ್ಕೆ ಗಾದೆ ಇನ್ನೂ ಆಗಿಲ್ಲ.

ಊಟವಾದ ಮೇಲೆ ಅಜ್ಜಿಯನ್ನು ಮಾತಿಗೆಳೆದೆ. ಕಬ್ಬಿಣ ಅಷ್ಟು ಕೆಟ್ಟದ್ದಾದರೆ ಬಾಣಂತಿಯ ತಲೆದಿಂಬಿನ ಕೆಳಗೆ ಕುಡುಗೋಲು ಇಡುವುದೇಕೆ ಎಂದು ಕೇಳಿದೆ. "ಕೆಟ್ಟದ್ದಕ್ಕ ಕೆಟ್ಟದ್ದ ಅಂಜತೈತಿ" ಎಂದರು. ಫ್ರೇಜರನು ಪುಟಗಟ್ಟಲೆ ಬರೆದದ್ದು ಇದನ್ನೇ. ಮದ್ರಾಸಿನ ವಸ್ತುಸಂಗ್ರಹಾಲಯದ ಎಡ್ಗರ್ ಥರ್ಸ್ಟನ್ 1912ರಲ್ಲಿ ದಕ್ಷಿಣ ಭಾರತದ ಶಕುನ ಮತ್ತು ಮೂಢನಂಬಿಕೆಗಳ ಮೇಲೆ ಒಂದು ಪುಸ್ತಕವನ್ನೇ ಬರೆದ. ಈ ಬಗೆಯ ನಂಬಿಕೆಗಳು ಅಂಥವರ ಬರಹಗಳಲ್ಲಿ ಧಾರಾಳವಾಗಿವೆ. ಮೈನೆರೆದ ಹುಡುಗಿಯ ಬಳಿ ಕಬ್ಬಿಣ, ಹಸುಗೂಸಿನ ತೊಟ್ಟಿಲಲ್ಲಿ ಕಬ್ಬಿಣ. ದುಃಖದ ಸಂಗತಿಯೆಂದರೆ, ದಿಂಬಿನ ಕೆಳಗಿದ್ದು ಕಾಯುತ್ತದೆಂದು ನಂಬಿದ ಆ ಕುಡುಗೋಲಿನಿಂದಲೇ ಕೆಲವೆಡೆ ಹೊಕ್ಕುಳಬಳ್ಳಿಯನ್ನೂ ಕೊಯ್ಯುತ್ತಿದ್ದರು. ಕೂಸು ವಾರದೊಳಗೆ ಸೆಟೆದು ಸತ್ತರೆ ಗಾಳಿ ಸೋಕಿತೆನ್ನುತ್ತಿದ್ದರು. ಅದು ಗಾಳಿಯಲ್ಲ, ಧನುರ್ವಾಯು. ಭಾರತವು ತಾಯಂದಿರ ಮತ್ತು ನವಜಾತ ಶಿಶುಗಳ ಧನುರ್ವಾಯುವಿನ ಪಿಡುಗಿನಿಂದ ಪಾರಾಯಿತೆಂದು ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿದ್ದು 2015ರಲ್ಲಿ. ಸೂಜಿಯ ಮದ್ದೂ ಆಸ್ಪತ್ರೆಯ ಹೆರಿಗೆಯೂ ಮಾಡಿದ ಕೆಲಸ ಅದು.

ಮದುವೆಯಲ್ಲಿಯೂ ಕಬ್ಬಿಣ ಬೇಕು. ಮದುಮಗನಾದವನು ಅರಿಸಿನ ಹಚ್ಚಿದಂದಿನಿಂದ ಕೈಯಲ್ಲಿ ಕಟಾರಿ ಹಿಡಿಯಬೇಕು, ಅದರ ತುದಿಗೆ ನಿಂಬೆಹಣ್ಣು ಸಿಗಿಸಬೇಕು. ಕಟಾರಿಯಿಲ್ಲದ ಬಡವರ ಮನೆಯಲ್ಲಿ ಚಾಕು, ಅಡಕೊತ್ತು ಏನಾದರೂ ಆದೀತು. ಕೊಡಗಿನ ಮದುಮಗನ ಸೊಂಟದ ಪೀಚೆಕತ್ತಿ ಇದರ ದೊಡ್ಡಮನೆಯ ನೆಂಟ. ರಜಪೂತರಲ್ಲಿ ವರನು ಬರಲಾಗದಿದ್ದರೆ ಅವನ ಕತ್ತಿಯನ್ನು ಕಳಿಸಿ ಅದರೊಡನೆ ವಧುವಿಗೆ ಮದುವೆ ಮಾಡುತ್ತಿದ್ದರು. ಅಲ್ಲಿ ಕತ್ತಿ ವರನ ಪ್ರತಿನಿಧಿ.

ವರನೇ ಇಲ್ಲದಿದ್ದರೆ? ಕತ್ತಿಯೇ ವರನಾದರೆ? ಈ ಪ್ರಶ್ನೆಯಿಂದಲೇ ನಾನು ಈ ಲೇಖನ ಬರೆಯಲು ಕುಳಿತದ್ದು.

ಮದ್ರಾಸ್ ಪ್ರಾಂತದ ಪೊಲೀಸ್ ಅಧಿಕಾರಿಯಾಗಿದ್ದ ಫ್ರೆಡ್ ಫಾಸೆಟ್ ಎಂಬವನು 1890ರ ದಶಕದ ಆರಂಭದಲ್ಲಿ ಮುಂಬಯಿಯ ಮಾನವಶಾಸ್ತ್ರ ಸಂಘದ ಪತ್ರಿಕೆಯಲ್ಲಿ ಬಸವಿಯರನ್ನು ಕುರಿತು ಒಂದು ಲೇಖನ ಬರೆದ. ಬಳ್ಳಾರಿ ಜಿಲ್ಲೆಯ ಪಶ್ಚಿಮ ಭಾಗದ ತಾಲ್ಲೂಕುಗಳಲ್ಲಿ, ಎಂದರೆ ನಾವು ಈಗ ಮಾತನಾಡುತ್ತಿರುವ ಸೀಮೆಯಲ್ಲಿ, ಹೆಣ್ಣುಮಕ್ಕಳನ್ನು ದೇವರಿಗೆ ಬಿಡುವ ಕ್ರಮವನ್ನು ಅವನು ವಿವರಿಸಿದ. ಥರ್ಸ್ಟನ್ 1909ರಲ್ಲಿ ಅದನ್ನು ತನ್ನ ಜಾತಿಗಳ ಸಂಪುಟಗಳಲ್ಲಿ ಸೇರಿಸಿಕೊಂಡ. ಆ ವಿವರಣೆಯಲ್ಲಿ ಹುಡುಗಿಯನ್ನು ಮದುಮಗಳಂತೆ ಸಿಂಗರಿಸಿ ಕೂರಿಸುತ್ತಾರೆ. ಅವಳ ಬಲಗಡೆ ಒಂದು ಕತ್ತಿಯನ್ನು ನೆಟ್ಟಗೆ ನಿಲ್ಲಿಸುತ್ತಾರೆ, ಅದರ ತುದಿಗೆ ನಿಂಬೆಹಣ್ಣು ಸಿಗಿಸಿರುತ್ತಾರೆ, ಹುಡುಗಿ ಅದನ್ನು ಬಲಗೈಯಲ್ಲಿ ಹಿಡಿದಿರುತ್ತಾಳೆ. ಮದುವೆಯಲ್ಲಿ ವರನು ಕೂರುವ ಜಾಗ ಅದು. ಕತ್ತಿಯೇ ವರ. ತಾಳಿಯಾಗುತ್ತದೆ, ಅಲ್ಲಿಂದ ಮುಂದೆ ಅವಳಿಗೆ ಗಂಡನಿಲ್ಲ, ವೈಧವ್ಯವೂ ಇಲ್ಲ.

ಫಾಸೆಟ್ ತನ್ನ ಲೇಖನದ ಶೀರ್ಷಿಕೆಯಲ್ಲಿಯೇ ಒಂದು ಸೂಕ್ಷ್ಮವನ್ನು ಗುರುತಿಸಿದ್ದ: ಬಸವಿಯಾದವಳಿಗೆ ಗಂಡುಮಕ್ಕಳ ಹಕ್ಕುಗಳು ಬರುತ್ತಿದ್ದವು. ಮಗನಿಲ್ಲದ ತಂದೆ ಮಗಳೊಬ್ಬಳನ್ನು ಬಸವಿ ಬಿಟ್ಟರೆ ಅವಳು ತೌರಿನಲ್ಲಿಯೇ ಉಳಿದು ಆಸ್ತಿಗೆ ಬಾಧ್ಯಳಾಗುತ್ತಿದ್ದಳು, ತಂದೆಯ ಉತ್ತರಕ್ರಿಯೆಯನ್ನೂ ಮಾಡಬಹುದಾಗಿತ್ತು. ಅವಳ ಮಕ್ಕಳು ತಾಯಿಯ ಮನೆತನಕ್ಕೆ ಸೇರುತ್ತಿದ್ದರು. ಇದನ್ನೋದಿ ಕೆಲವರು ಆಹಾ, ಹೆಣ್ಣಿಗೆ ಎಂಥ ಸ್ವಾತಂತ್ರ್ಯವೆಂದು ಬರೆದುದುಂಟು. ನಾನು ಆ ಮಾತನ್ನು ಒಪ್ಪಲಾರೆ. ಹೊಲವೇ ಇಲ್ಲದ ಮನೆಯಲ್ಲಿ ಆಸ್ತಿಯ ಹಕ್ಕಿನಿಂದ ಏನು ಬಂತು? ಮುಪ್ಪಿನಲ್ಲಿ ಅನ್ನ ಹಾಕಲು ಒಬ್ಬ ಮಗಳು ಬೇಕೆಂದು ಆಟವಾಡುವ ವಯಸ್ಸಿನ ಹುಡುಗಿಯ ಕೈಗೆ ಕತ್ತಿ ಹಿಡಿಸಿದರು. ಅವಳನ್ನು ಯಾರೂ ಕೇಳಲಿಲ್ಲ. ಬಹುಪಾಲು ಆ ಹುಡುಗಿಯರು ಅಸ್ಪೃಶ್ಯರೆಂದು ಊರಾಚೆ ಇಟ್ಟವರ ಮತ್ತು ಬೇಡರ ಮನೆಗಳವರೆಂಬುದನ್ನೂ, ಅವರ ಬಾಗಿಲಿಗೆ ಬರುತ್ತಿದ್ದ ಗಂಡಸರು ಊರೊಳಗಿನವರೆಂಬುದನ್ನೂ ಮರೆತು ಸ್ವಾತಂತ್ರ್ಯದ ಮಾತನ್ನಾಡುವುದು ಸುಲಭ.

ಪದ್ಧತಿಯ ಹೊರರೂಪ ಕಾಲಕ್ರಮದಲ್ಲಿ ಬದಲಾಯಿತು. ಕತ್ತಿ ಹಿಂದೆ ಸರಿದು ಮುತ್ತು ಮುಂದೆ ಬಂತು. 'ಮುತ್ತು ಕಟ್ಟುವುದು' ಎಂದರೆ ಕೆಂಪು ಬಿಳಿ ಮಣಿಗಳ ಸರವನ್ನು ಕೊರಳಿಗೆ ಕಟ್ಟಿ ದೇವಿಗೆ ಬಿಡುವುದು. ಹರಪನಹಳ್ಳಿ ತಾಲ್ಲೂಕಿನ ಉಚ್ಚಂಗಿದುರ್ಗದ ಬೆಟ್ಟ, ಒಂದು ಕಾಲಕ್ಕೆ ಪಾಂಡ್ಯರ ಕೋಟೆಯಿದ್ದ ಆ ಬೆಟ್ಟ, ಭರತ ಹುಣ್ಣಿಮೆಯ ಜಾತ್ರೆಯಲ್ಲಿ ಇದಕ್ಕೆ ಹೆಸರಾಯಿತು. ಅದೇ ಹುಣ್ಣಿಮೆಯ ಸುತ್ತ ಹಡಗಲಿ ತಾಲ್ಲೂಕಿನ ಮೈಲಾರದ ಡೆಂಕನ ಮರಡಿಯಲ್ಲಿ ಗೊರವಯ್ಯ ಬಿಲ್ಲನ್ನೇರಿ ಕಾರಣಿಕ ನುಡಿಯುತ್ತಾನೆ. ಅಲ್ಲಿ ಆಯುಧ ಏಣಿಯಾಗುತ್ತದೆ; ಮುಂದಿನ ವರ್ಷದ ಮಳೆ ಬೆಳೆಯನ್ನು ಕಾಣಲು ಜನ ಲಕ್ಷಗಟ್ಟಲೆ ಕಿವಿಗೊಟ್ಟು ನಿಲ್ಲುತ್ತಾರೆ. ಒಂದೇ ಸೀಮೆ, ಒಂದೇ ಹುಣ್ಣಿಮೆ.

ಕಾನೂನು ಬರಲಿಲ್ಲವೆಂದಲ್ಲ. ಈ ತಾಲ್ಲೂಕುಗಳು 1953ರ ಅಕ್ಟೋಬರ್ 1ರಂದು ಮೈಸೂರು ಸಂಸ್ಥಾನಕ್ಕೆ ಸೇರುವ ತನಕ ಮದ್ರಾಸಿಗೆ ಒಳಪಟ್ಟಿದ್ದವು. ಡಾಕ್ಟರ್ ಮುತ್ತುಲಕ್ಷ್ಮಿ ರೆಡ್ಡಿಯವರ ದೀರ್ಘಕಾಲದ ಹೋರಾಟದ ಫಲವಾಗಿ ಮದ್ರಾಸಿನಲ್ಲಿ 1947ರಲ್ಲಿ ದೇವದಾಸಿ ಸಮರ್ಪಣೆಯನ್ನು ನಿಷೇಧಿಸುವ ಕಾನೂನಾಯಿತು. ಕರ್ನಾಟಕದ ಶಾಸಕಾಂಗ 1982ರಲ್ಲಿ ತನ್ನದೇ ಕಾನೂನು ಮಾಡಿತು. ಅದರಲ್ಲಿ ತಂದೆತಾಯಿಗಳೇ ಮಗಳನ್ನು ಬಿಟ್ಟರೆ ಶಿಕ್ಷೆ ಹೆಚ್ಚಿತ್ತು. ಕತ್ತಿಯಾಗಲಿ ಮುತ್ತಾಗಲಿ, ಯಾವ ವಿಧಿಯಿಂದ ಬಿಟ್ಟರೂ ಅಪರಾಧವೇ. ಆದರೂ ಸರ್ಕಾರ 1993–94ರಲ್ಲಿಯೂ 2007–08ರಲ್ಲಿಯೂ ನಡೆಸಿದ ಎರಡು ಸಮೀಕ್ಷೆಗಳಲ್ಲಿ ರಾಜ್ಯದಲ್ಲಿ ಒಟ್ಟು 46,660 ದೇವದಾಸಿಯರು ಲೆಕ್ಕಕ್ಕೆ ಸಿಕ್ಕರು. ಅವಿಭಜಿತ ಬಳ್ಳಾರಿ ಜಿಲ್ಲೆಯ ಪಾಲು ಅದರಲ್ಲಿ ಸಣ್ಣದಲ್ಲ. ಕೂಡ್ಲಿಗಿಯ ಹೆಸರು ಅಲ್ಲಿ ಮತ್ತೆ ಮತ್ತೆ ಬರುತ್ತದೆ. ಗಾಂಧೀಜಿಯ ಚಿತಾಭಸ್ಮವನ್ನಿಟ್ಟು ಸ್ಮಾರಕ ಕಟ್ಟಿಕೊಂಡ ಊರು ಅದು. ತಂದೆಯ ಹೆಸರು ಕೇಳುವ ಅರ್ಜಿಯ ಮುಂದೆ ಆ ತಾಯಂದಿರ ಮಕ್ಕಳು ಶಾಲೆಯಲ್ಲಿಯೂ ಕಚೇರಿಯಲ್ಲಿಯೂ ತಲೆತಗ್ಗಿಸಿ ನಿಂತದ್ದು ಇತಿಹಾಸದ ಪುಸ್ತಕದಲ್ಲಿ ಓದಬೇಕಾದ ಸಂಗತಿಯಲ್ಲ. 2021ರಲ್ಲಿ ಬಳ್ಳಾರಿಯನ್ನು ಒಡೆದು ಈ ಐದು ತಾಲ್ಲೂಕುಗಳನ್ನೂ ಹೊಸಪೇಟೆಯನ್ನೂ ಸೇರಿಸಿ ವಿಜಯನಗರ ಜಿಲ್ಲೆ ಮಾಡಿದರು. ಜಿಲ್ಲೆಯ ಹೆಸರಿನಲ್ಲಿ ಸಾಮ್ರಾಜ್ಯದ ವೈಭವವೆಲ್ಲ ಬಂತು. ಈ ಲೆಕ್ಕವೂ ಜೊತೆಗೆ ಬಂತು.

ಚಾಕುವಿನ ಉಡುಗೊರೆಯ ನಂಬಿಕೆಗೂ ಇದಕ್ಕೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ಸ್ನೇಹ ಕಡಿದೀತೆಂದು ಸವತೆಕಾಯಿ ಹೆಚ್ಚುವ ಚಾಕುವನ್ನು ನೆಲಕ್ಕಿಟ್ಟು ಕೊಟ್ಟ ಸಮಾಜವೇ ಆ ಹುಡುಗಿಗೆ ಕತ್ತಿಯನ್ನು ನೇರವಾಗಿ ಕೈಯಲ್ಲಿ ಹಿಡಿಸಿತು. ಮಿಕ್ಕವರ ಮದುವೆಯಲ್ಲಿ ದೃಷ್ಟಿ ತೆಗೆಯುವ ನಿಂಬೆಹಣ್ಣು ಅವಳ ಕತ್ತಿಯ ತುದಿಯಲ್ಲಿಯೂ ಇತ್ತು.

ಇದನ್ನೆಲ್ಲ ಅಜ್ಜಿಯ ಮುಂದೆ ಹೇಳಲಿಲ್ಲ. ಕಟಾರಿಯ ಮಾತು ಬಂದಾಗ ಮಾತ್ರ ಅವರು ಎದ್ದು ಒಳಗಿನ ಟ್ರಂಕಿನಿಂದ ಕೆಂಪು ವಸ್ತ್ರದಲ್ಲಿ ಸುತ್ತಿದ ಒಂದನ್ನು ತಂದು ನೆಲದ ಮೇಲಿಟ್ಟರು. ಹಿತ್ತಾಳೆಯ ಹಿಡಿ, ಗೇಣುದ್ದದ ಅಲಗು. "ನಮ್ಮ ಮನೀದಲ್ಲ ಇದು, ಓಣೀದು" ಎಂದರು. ಆ ಓಣಿಯಲ್ಲಿ ಯಾರ ಮನೆಯಲ್ಲಿ ಮದುವೆಯಾದರೂ ಇದೇ ಕಟಾರಿ ಹೋಗುತ್ತದಂತೆ. ಮರದಲ್ಲಿ ಅಕ್ಕಿ ಹಾಕಿ, ಅದರ ಮೇಲೆ ಕಟಾರಿಯಿಟ್ಟು ಕಳಿಸುತ್ತಾರೆ. ಮದುವೆಯ ಮನೆಯವರು ಹಾಗೆಯೇ ಮರದಲ್ಲಿ ಅಕ್ಕಿ ಹಾಕಿ ತಂದಿಡುತ್ತಾರೆ. ಯಾರೂ ಯಾರಿಗೂ ಕೊಟ್ಟದ್ದಿಲ್ಲ. ಎಷ್ಟು ಮದುಮಕ್ಕಳು ಹಿಡಿದಿದ್ದಾರೆ ಎಂದರೆ ಅಜ್ಜಿಗೂ ಎಣಿಕೆಯಿಲ್ಲ.

ತೇರು ನಿಂತ ಮೇಲೆ ಜಾತ್ರೆಯ ಅಂಗಡಿಗಳ ಸಾಲಿನಲ್ಲಿ ಅಡ್ಡಾಡುತ್ತ, ಬೆಂಗಳೂರಿನಲ್ಲಿ ಹೊಸ ಸಂಸಾರ ಹೂಡಿದ್ದ ಮಗಳಿಗೆಂದು ಒಂದು ಈಳಿಗೆಮಣೆಯನ್ನು ಕೊಂಡೆ. ಕಮ್ಮಾರ ಅದನ್ನು ಗೋಣಿಯ ಮೇಲಿಟ್ಟ, ನಾನು ಎತ್ತಿಕೊಂಡೆ. ಊರಿಗೆ ಬಂದು ಮಗಳ ಮನೆಯ ಬಾಗಿಲಲ್ಲಿ ಕಾಗದ ಬಿಚ್ಚಿದೆ. ಅವಳು ನಗುತ್ತ ಎರಡೂ ಕೈ ಚಾಚಿದಳು. ನಾನು ಮೇಜಿನ ಮೇಲಿಟ್ಟೆ.